ಫ್ಯಾನ್ ಹೀಟರ್: ಸುರಕ್ಷತೆಯೂ ಖರೀದಿ ಬಿಲ್ಲೂ

ರೋಣ ತಾಲ್ಲೂಕಿನ ಜಕ್ಕಲಿಯಂತಹ ಗ್ರಾಮದ ಚಿಕ್ಕ ಅಂಗಡಿಯಾಗಲಿ, ನಗರದ ಮಳಿಗೆಯಾಗಲಿ, ಫ್ಯಾನ್ ಹೀಟರ್ ಮಾರುವ ವರ್ತಕರು ಅದರ ಸುರಕ್ಷತಾ ಸಾಧನಗಳನ್ನು ಅರಿತಿರಬೇಕು. ಥರ್ಮೋಸ್ಟಾಟ್ ಕೋಣೆಯ ಉಷ್ಣತೆಯನ್ನಷ್ಟೇ ನಿಯಂತ್ರಿಸುತ್ತದೆ. ಫ್ಯಾನ್ ನಿಂತಾಗ, ಗಾಳಿಕಿಂಡಿಗೆ ಬಟ್ಟೆ ಮುಚ್ಚಿದಾಗ ವಿದ್ಯುತ್ತನ್ನು ಕಡಿಯುವುದು ಥರ್ಮಲ್ ಕಟ್‌ಔಟ್. ಅದೂ ವಿಫಲವಾದರೆ ಥರ್ಮಲ್ ಫ್ಯೂಸ್ ಕೊನೆಯ ಕಾವಲು. ದುರಸ್ತಿಯ ವೇಳೆ ಇವುಗಳನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸುವುದು ಬೆಂಕಿಗೆ ಆಹ್ವಾನ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ 6 ಆಂಪಿಯರ್ ಸಾಕೆಟ್ ಸಲ್ಲದು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೆಯ ಕಲಮಿನ ಪ್ರಕಾರ, ಮಾರಾಟಗಾರನೇ ಮಾಡಿದ ಮಾರ್ಪಾಡಿನಿಂದ ಹಾನಿಯಾದಲ್ಲಿ ಅಥವಾ ತಯಾರಕನಾರೆಂದು ತಿಳಿಯದಿದ್ದಲ್ಲಿ ಪರಿಹಾರದ ಹೊಣೆ ಮಾರಾಟಗಾರನ ಮೇಲೆ ಬರುತ್ತದೆ. ಐ.ಎಸ್.ಐ. ಗುರುತಿಲ್ಲದ, ಬಿಲ್ಲಿಲ್ಲದ ಸರಕಿನ ಅಗ್ಗದ ದರದ ಹಿಂದೆ ಖಾತೆಯಲ್ಲಿ ಕಾಣದ ಈ ಹೊಣೆ ಅಡಗಿದೆ. ಆದುದರಿಂದ ಖರೀದಿ ಬಿಲ್ಲಿನಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ ಬರೆಯಿಸಿಕೊಂಡು ಜೋಪಾನವಾಗಿಡಿರಿ.