ಸೀರೆ ತಿರುವಿ ನೋಡ್ರಿ!

ಕಳೆದ ದೀಪಾವಳಿಗೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ‘ಅಸಲಿ ಕೈಕಸೂತಿ’ ಎಂದು ಹೇಳಿ ಕೊಟ್ಟ ಸೀರೆಯನ್ನು ಬಗಲಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜಿ, ‘ಏನ್ ತಗೊಂಡ್ರೀ?’ ಎಂದರು. ಹೆಮ್ಮೆಯಿಂದ ಬಿಚ್ಚಿ ತೋರಿಸಿದೆ. ಅಜ್ಜಿ ಗೋಪುರ, ತೇರು ಯಾವುದನ್ನೂ ನೋಡಲಿಲ್ಲ. ಸೆರಗು ಮಗುಚಿ, ಹಿಂಬದಿಗೆ ಬೆರಳಾಡಿಸಿ, ‘ಮಷೀನಿಂದು ಐತಿ. ಎಷ್ಟು ಕೊಟ್ರಿ?’ ಎಂದುಬಿಟ್ಟರು. ಎಷ್ಟು ಕೊಟ್ಟೆನೆಂದು ಬರೆಯಲು ನಾಚಿಕೆ. ಮನೆಯಲ್ಲೂ ಇನ್ನೂ ಹೇಳಿಲ್ಲ.

ಬಸ್ಸು ನವಲೂರು ದಾಟುವಷ್ಟರಲ್ಲಿ ಅಜ್ಜಿಯ ಪಾಠ ಮುಗಿದಿತ್ತು.

ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಶುರುವಿಗೂ ಇಲ್ಲ, ಕೊನೆಗೂ ಇಲ್ಲ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯೂ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯನ್ನೇ ತಗೊಳ್ಳಿ. ದಾರದ ತುದಿಯನ್ನು ಒಂದೆರಡು ಅಂಗುಲ ಬಾಲದಂತೆ ಬಿಟ್ಟು ಸೂಜಿ ಹೊರಡುತ್ತದೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಸಂದುಗಳೆಲ್ಲ ತುಂಬುತ್ತವೆ. ನಮ್ಮ ಬಸ್ಸು ಹೋಗುವಾಗ ನಿಲ್ಲಿಸದ ಸ್ಟಾಪಿನಲ್ಲಿ ಬರುವಾಗಲಾದರೂ ನಿಲ್ಲಿಸಿದ ಹಾಗೆ ಅನ್ನಿ! ನಡುವೆ ಕೊಂಬೆ ಬಂದರೆ ಅದರ ತುದಿಗೂ ಹೋಗಿ ಬರಬೇಕು. ಕಡೆಗೆ ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಆಗ ಎರಡೂ ಬಾಲಗಳನ್ನು ಹೊಲಿಗೆಯಡಿ ತೂರಿಸಿ ಕತ್ತರಿಸಿದರೆ ಮುಗಿಯಿತು. ಮುಂದೂ ಹಿಂದೂ ಒಂದೇ ಚಿತ್ರ.

ಎಣಿಕೆಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ತೇರಿನ ಗಾಲಿ ಕೂಡುವುದಿಲ್ಲ. ಮತ್ತೆ ಬಿಚ್ಚಬೇಕು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲಂತೂ ಎಳೆ ಎಣಿಸುವುದೆಂದರೆ ಕಣ್ಣೇ ಹೋಗುತ್ತದಂತೆ. ಎಳೆ ಕಾಣದ ನುಣುಪು ಬಟ್ಟೆಯಾದರೆ ಜಾಳಾದ ಬಟ್ಟೆಯೊಂದನ್ನು ಮೇಲಿಟ್ಟು ಕಸೂತಿ ಹಾಕಿ, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಎರಡೂ ಕಡೆ ಒಂದೇ ಥರ. ಆದರೆ ನೇಯ್ದಂತೆ ಕಾಣುವ ನೇಗಿ, ಅಡ್ಡಡ್ಡ ಹೊಲಿಯುವ ಮೆಂತೆ, ಇವೆರಡರಲ್ಲಿ ಹಿಂಬದಿ ಬೇರೆಯೇ ಇರುತ್ತದೆ. ಆದ್ದರಿಂದ ಹಿಂದೆ ಬೇರೆ ಕಂಡಿತೆಂದು ಅಂಗಡಿಕಾರನ ಮೇಲೆ ಏರಿ ಹೋಗಬೇಡಿ. ನೋಡಬೇಕಾದ್ದು ಗಂಟು. ನನ್ನ ಸೀರೆಯ ಹಿಂದೆ ಬೇರೊಂದು ಬಿಳಿ ದಾರವಿತ್ತು, ಕತ್ತರಿಸಿ ಬಿಟ್ಟ ಕುಚ್ಚುಗಳಿದ್ದವು, ಕಾಗದದಂಥ ಬಟ್ಟೆಯ ಚೂರೂ ಅಂಟಿಕೊಂಡಿತ್ತು. ಅಂಗಡಿಯಲ್ಲಿ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ!

ಅಂಗಡಿಯವರಿಗೂ ಒಂದು ಮಾತು. ಮಷೀನಿನ ಮಾಲು ಮಾರುವುದು ತಪ್ಪಲ್ಲ. ಬಡವರ ಮನೆ ಮದುವೆಗೂ ಗೋಪುರದ ಸೆರಗು ಬೇಕು. ಆದರೆ ಅದನ್ನೇ ಕೈಕೆಲಸವೆಂದು ಮಾರಿದರೆ, ದಿನಗಟ್ಟಲೆ ಎಳೆ ಎಣಿಸಿದ ಹೆಣ್ಣುಮಗಳಿಗೆ ಗಿರಾಕಿ ಹೇಳುವುದೇನು? ‘ಪ್ಯಾಟಿಯೊಳಗ ಅರ್ಧಕ್ಕ ಸಿಗತೈತಲ್ರೀ!’ ಕಸೂತಿಗೆ ಜಿಐ ಗುರುತು ಸಿಕ್ಕಿದೆ ಎಂಬುದು ನಿಜ. ಆದರೆ ಕೌಂಟರಿನ ಮೇಲೆ ಸೀರೆ ಬಿಚ್ಚಿ ಹಾಕಿದಾಗ ಆ ಗುರುತನ್ನು ಕೇಳುವವರು ಯಾರು? ಕೈಯದು, ಮಷೀನಿನದು ಎಂದು ಎರಡು ಗಂಟು ಕಟ್ಟಿ ಬೇರೆ ಬೇರೆ ಇಡುವುದಕ್ಕೆ ಖರ್ಚೇನೂ ಇಲ್ಲ.

ಅಜ್ಜಿ ಜುಬಿಲಿ ಸರ್ಕಲ್ಲಿನಲ್ಲಿ ಇಳಿದರು. ಇಳಿಯುವ ಮುಂಚೆ ಕೇಳಿದೆ, ನೀವೂ ಹಾಕ್ತೀರೇನು ಎಂದು. ‘ಹಾಕತಿದ್ದೆ. ಈಗ ಗವಂತಿ ಎಣಿಸಾಕ ಆಗೂದಿಲ್ಲ. ಮೊಮ್ಮಗಳು ದಾರ ಪೋಣಿಸಿ ಕೊಟ್ರ ಮೆಂತೆ ಹಾಕ್ತೀನಿ’ ಎಂದು ಚೀಲ ಎತ್ತಿಕೊಂಡರು.