ಹನ್ನೊಂದು ಜನ ಸೇರಿದ್ದೇ ಗೆಲುವು: ನಮ್ಮ ಹಾಕಿ ಕ್ಲಬ್‌ನ ಈ ಸೀಸನ್

ಏಪ್ರಿಲ್‌ನಲ್ಲಿ ಶುರುವಾದ ಹಾಕಿ ಸೀಸನ್ ಸೆಪ್ಟೆಂಬರ್‌ಗೆ ಮುಗೀತು. ಮೆಲ್ಬರ್ನ್‌ನ ಪಶ್ಚಿಮ ಬಡಾವಣೆಗಳಲ್ಲಿರುವ ನಾವು ಒಂದಷ್ಟು ಕನ್ನಡದ ಮನೆಯವರು ಆಡುವ ಕ್ಲಬ್ ಈ ಸಲ ಏಳು ತಂಡ ಇಳಿಸಿತ್ತು. ಗಂಡಸರ ಸೀನಿಯರ್ ಎರಡು, ಹೆಂಗಸರದ್ದು ಒಂದು, ಮಾಸ್ಟರ್ಸ್ ಎರಡು, ಮಕ್ಕಳದ್ದು ಎರಡು. ಕಪ್ ಒಂದೂ ಬರಲಿಲ್ಲ. ಆದರೂ ಈ ಸೀಸನ್ ಬಗ್ಗೆ ನಿಮಗೆಲ್ಲ ಹೇಳಲೇಬೇಕು ಅನ್ನಿಸಿತು. ಯಾಕಂದ್ರೆ ಮೇ ತಿಂಗಳಲ್ಲಿ ಒಂದು ತಂಡವನ್ನೇ ಮುಚ್ಚುವ ಮಾತು ಬಂದಿತ್ತು. ಅದು ಮುಚ್ಚದೆ ಉಳಿದದ್ದು ಹೇಗೆ ಅನ್ನುವುದೇ ಈ ವರ್ಷದ ನಿಜವಾದ ಸುದ್ದಿ.

ಕ್ಲಬ್ ನಮ್ಮದೊಂದೇ ಭಾಷೆಯದ್ದಲ್ಲ. ಇಲ್ಲೇ ಹುಟ್ಟಿ ಬೆಳೆದವರು, ಪಂಜಾಬಿನವರು, ಮಲೇಷ್ಯಾದವರು, ಡಚ್ಚರು ಎಲ್ಲರೂ ಇದ್ದಾರೆ. ನಮ್ಮಲ್ಲಿ ಕೊಡಗಿನವರು ಜಾಸ್ತಿ, ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನವರೂ ಇದ್ದೇವೆ. ಆಸ್ಪತ್ರೆ, ವೃದ್ಧಾಶ್ರಮ, ಗೋದಾಮು, ಸಾಫ್ಟ್‌ವೇರ್, ಟ್ಯಾಕ್ಸಿ, ಹೀಗೆ ಕೆಲಸ ಹತ್ತು ಬಗೆ. ಶನಿವಾರ ಮಧ್ಯಾಹ್ನ ಮಾತ್ರ ಎಲ್ಲರ ಕೈಯಲ್ಲೂ ಒಂದೇ ಕೋಲು.

ಎರಡನೇ ತಂಡದ ಕಥೆ

ಗಂಡಸರ ಮೊದಲ ತಂಡ ನಡುಪಟ್ಟಿಯಲ್ಲಿ ನಿಂತಿತು, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತೊಂದರೆ ಇದ್ದದ್ದು ಎರಡನೇ ತಂಡಕ್ಕೆ. ಮಾರ್ಚ್‌ನಲ್ಲಿ ಹದಿನಾರು ಜನ ಹೆಸರು ಕೊಟ್ಟಿದ್ದರು. ಏಪ್ರಿಲ್ ಮುಗಿಯುವಷ್ಟರಲ್ಲಿ ಖಾತ್ರಿಯಾಗಿ ಬರುವವರು ಎಂಟೇ ಜನ. ಇಬ್ಬರಿಗೆ ಗೋದಾಮಿನ ರೋಸ್ಟರ್ ಶನಿವಾರಕ್ಕೆ ಬದಲಾಯಿತು. ಒಬ್ಬರ ಮನೆಯಲ್ಲಿ ಬಾಣಂತಿ. ಸ್ಟೂಡೆಂಟ್ ವೀಸಾದ ಇಬ್ಬರು ಹುಡುಗರಿಗೆ ಕಾಲೇಜು ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ವಾರಾಂತ್ಯದ ಗಂಟೆಗೆ ಕೂಲಿ ಜಾಸ್ತಿ, ಅದನ್ನು ಬಿಟ್ಟು ಆಡಲು ಬನ್ನಿ ಅಂತ ಯಾವ ಬಾಯಲ್ಲಿ ಹೇಳೋದು?

ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ಸೆಂಟರ್ ಹಾಫ್‌ನಿಂದ. ಅವರನ್ನು ಕರೆಸಿಕೊಂಡಿದ್ದ ಕಂಪನಿ ಕೆಲಸ ತೆಗೆಯಿತು. ಈಗಿನ ನಿಯಮದ ಪ್ರಕಾರ 482 ವೀಸಾದವರಿಗೆ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಿಕೊಳ್ಳಲು ಒಂದು ಸಲಕ್ಕೆ 180 ದಿನ ಸಿಗುತ್ತದೆ. 2024ರ ಜುಲೈಗೆ ಮುಂಚೆ ಅದು 60 ದಿನವಷ್ಟೇ ಇತ್ತು. ದಿನ ಎಣಿಸುತ್ತಿರುವವರಿಗೆ ಆಟ ಎಲ್ಲಿ ತಲೆಗೆ ಹೋಗುತ್ತೆ ಅಂದುಕೊಂಡೆವು. ಆದರೆ ಅವರು ಒಂದು ಶನಿವಾರವೂ ತಪ್ಪಿಸಲಿಲ್ಲ. "ಮನೇಲಿ ಕೂತ್ರೆ ಫೋನ್ ನೋಡ್ತಾನೇ ಇರ್ತೀನಿ ಕಣ್ರೋ, ಇಲ್ಲಿ ಆ ಒಂದೂವರೆ ಗಂಟೆ ಚೆಂಡು ಮಾತ್ರ ನೋಡ್ತೀನಿ" ಅಂದರು. ಜೂನ್‌ನಲ್ಲಿ ಬೆಂಡಿಗೋದಲ್ಲಿ ಕೆಲಸ ಸಿಕ್ಕಿತು. ನಮಗೆ ಖುಷಿ, ತಂಡಕ್ಕೆ ನಷ್ಟ.

ಅಷ್ಟರಲ್ಲಿ ಎರಡು ಪಂದ್ಯ ಆಡದೇ ಬಿಟ್ಟುಕೊಟ್ಟಾಗಿತ್ತು. ಬಿಟ್ಟುಕೊಟ್ಟರೆ ಪಾಯಿಂಟ್ ಹೋಗುವುದಷ್ಟೇ ಅಲ್ಲ, ಎದುರು ತಂಡದವರ ಶನಿವಾರವೂ ಹಾಳು. ತಂಡವನ್ನು ವಾಪಸ್ ತೆಗೆದುಕೊಳ್ಳೋಣವೇ ಅಂತ ಕಮಿಟಿ ಕೇಳಿತು. ಆ ಸಭೆಯಲ್ಲಿ ಮಾಸ್ಟರ್ಸ್ ತಂಡದ ಹಿರಿಯರೊಬ್ಬರು, ನಾವೆಲ್ಲ ಮಾಮ ಅಂತಲೇ ಕರೆಯುವವರು, ಎದ್ದು ನಿಂತು ಹೇಳಿದರು: "ವಾರಕ್ಕೆ ಇಬ್ಬರು ಮುದುಕರನ್ನ ನಾನು ಕೊಡ್ತೀನಿ. ಇಬ್ಬರು ಮಕ್ಕಳನ್ನ ಜೂನಿಯರ್‌ನೋರು ಕೊಡ್ಲಿ. ಮುಚ್ಚೋ ಮಾತು ಬೇಡ."

ಅಲ್ಲಿಂದ ಮುಂದೆ ಬುಧವಾರ ರಾತ್ರಿ ಒಂದು ಪಟ್ಟಿ. ಯಾರಿಗೆ ಯಾವ ಶಿಫ್ಟ್, ಯಾರು ಯಾರನ್ನು ಕಾರಲ್ಲಿ ಕರೆತರುವುದು, ಯಾರು ಅರ್ಧ ಆಟ ಮಾತ್ರ ಆಡಿ ಕೆಲಸಕ್ಕೆ ಓಡಬೇಕು, ಎಲ್ಲವೂ ಅದರಲ್ಲಿ. ಹಾಕಿಯಲ್ಲಿ ಬದಲಿ ಆಟಗಾರ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಹೋಗಿಬರಬಹುದು. ಶಿಫ್ಟ್‌ನವರಿಗೆ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ. ಜುಲೈನ ಒಂದು ಪಂದ್ಯದಲ್ಲಿ 58 ವರ್ಷದ ಮಾಮ ಬ್ಯಾಕ್, ಅವರ ಅಣ್ಣನ ಮೊಮ್ಮಗ, 16ರ ಹುಡುಗ, ಫಾರ್ವರ್ಡ್. ಮಳೆ, ಚಳಿ, ಎದುರಿಗೆ ಪಟ್ಟಿಯ ಮೂರನೇ ತಂಡ. 2-2 ಸಮ ಆಯಿತು. ಸೀಸನ್ ಕೊನೆಗೆ ನಾವು ಕೆಳಗಿನಿಂದ ಎರಡನೆಯವರು. ಆದರೆ ಮೇ ಆದಮೇಲೆ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ.

ಹೆಂಗಸರ ತಂಡ

ನಾಲ್ಕನೇ ಸ್ಥಾನ ಹಿಡಿದು ಸೆಮಿಫೈನಲ್‌ಗೆ ಹೋದದ್ದು ಇವರೇ. ಅಲ್ಲಿ 1-2ರಿಂದ ಸೋಲು. ಗೋಲ್‌ಕೀಪರ್ ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ನಾಲ್ಕು ಗಂಟೆ ನಿದ್ದೆ ಮಾಡಿ, ಪ್ಯಾಡ್ ಕಟ್ಟಿಕೊಳ್ಳುತ್ತಿದ್ದರು. ಸೆಮಿಫೈನಲ್‌ನಲ್ಲಿ ಐದು ಪೆನಾಲ್ಟಿ ಕಾರ್ನರ್ ತಡೆದರು. ಆರನೆಯದು ಡಿಫೆಂಡರ್ ಕೋಲಿಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು.

ತಂಡದಲ್ಲಿ ನಾಲ್ವರು ಮದುವೆಯಾದಮೇಲೆ ಕೋಲು ಮುಟ್ಟಿರಲೇ ಇಲ್ಲ. ಶಾಲೆಯಲ್ಲಿ ಜಿಲ್ಲಾ ಮಟ್ಟದಲ್ಲಿ ಆಡಿದ್ದವರು ಗಂಡ, ಮಕ್ಕಳು, ವೀಸಾ ಅಂತ ಹತ್ತು ಹದಿನೈದು ವರ್ಷ ಬಿಟ್ಟಿದ್ದರು. ಸ್ಕರ್ಟ್ ಹಾಕಬೇಕಾ ಅಂತ ಹಿಂಜರಿದವರೂ ಇದ್ದರು. ನಮ್ಮ ಕ್ಲಬ್‌ನಲ್ಲಿ ಸ್ಕರ್ಟೋ ಶಾರ್ಟ್ಸೋ, ಒಳಗೆ ಲೆಗಿಂಗ್ಸೋ, ಅದು ಆಡುವವರ ಇಷ್ಟ. ಪಂದ್ಯದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಸರದಿ ಗಂಡಂದಿರದ್ದು. ಮೊದಲೆರಡು ವಾರ ಗೊಣಗಿದರು, ಆಮೇಲೆ ತಾವೇ ಚಿತ್ರಾನ್ನದ ಡಬ್ಬಿ ಹೊತ್ತು ಬರತೊಡಗಿದರು.

ಮಾಸ್ಟರ್ಸ್

ಇಲ್ಲಿ 35 ದಾಟಿದವರಿಗೆ, 45 ದಾಟಿದವರಿಗೆ, ಹಾಗೇ 60 ದಾಟಿದವರಿಗೂ ಬೇರೆ ಬೇರೆ ವಿಭಾಗ ಇದೆ. ನಮ್ಮದು ಮೊದಲಿನ ಎರಡು. 35ರ ತಂಡ ಎರಡನೇ ಸ್ಥಾನ ಪಡೆದು ಫೈನಲ್ ಹೊಸ್ತಿಲಲ್ಲಿ ಮುಗ್ಗರಿಸಿತು. 45ರ ತಂಡ ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ, ನಕ್ಕದ್ದು ಇನ್ನೂ ಜಾಸ್ತಿ.

ಈ ಹಿರಿಯರ ಬಾಯಲ್ಲಿ ಹಳೆಯ ಹಾಕಿ ಕೇಳುವುದೇ ಒಂದು ಪಾಠ. 1956ರ ಒಲಿಂಪಿಕ್ಸ್ ನಡೆದದ್ದು ಇದೇ ಊರಲ್ಲಿ. ಎಂಸಿಜಿ ಮೈದಾನದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 1-0ರಿಂದ ಸೋಲಿಸಿ ಸತತ ಆರನೇ ಚಿನ್ನ ಗೆದ್ದಿತು. ಜಬಲ್‌ಪುರದಿಂದ ಪರ್ತ್‌ಗೆ ವಲಸೆ ಬಂದ ಆಂಗ್ಲೋ-ಇಂಡಿಯನ್ ಪಿಯರ್ಸ್ ಕುಟುಂಬದ ಐವರು ಅಣ್ಣತಮ್ಮಂದಿರೂ ಆಸ್ಟ್ರೇಲಿಯಾ ತಂಡಕ್ಕೆ ಆಡಿದರು. ಅವರಲ್ಲಿ ಎರಿಕ್ ಪಿಯರ್ಸ್ 1956ರಿಂದ 1968ರವರೆಗೆ ನಾಲ್ಕು ಒಲಿಂಪಿಕ್ಸ್ ಕಂಡವರು. 1968ರ ಮೆಕ್ಸಿಕೋ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಭಾರತವನ್ನೇ ಸೋಲಿಸಿ ಬೆಳ್ಳಿ ತಂದಿತು. ಅಂದರೆ ಈ ದೇಶದ ಹಾಕಿಯಲ್ಲಿ ವಲಸೆ ಬಂದವರ ಬೆವರೂ ಸೇರಿದೆ. ನಾವು ಇಲ್ಲಿ ಕೋಲು ಹಿಡಿದಾಗ ಹೊರಗಿನವರು ಅಂತ ಅಂದುಕೊಳ್ಳಬೇಕಾದ್ದಿಲ್ಲ.

ಕೊಡಗಿನ ಮಾಮಂದಿರು ಇನ್ನೊಂದು ಮಾತು ಹೇಳುತ್ತಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ಕುಟುಂಬದ ತಂಡಗಳಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ ಅದು 360 ಆಗಿತ್ತು. ಅಲ್ಲಿ ತಾತ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡಬಹುದು. ವಯಸ್ಸಿನ ಗೆರೆ ಇಲ್ಲ, ಮನೆಯ ಹೆಸರಷ್ಟೇ. ಎರಡನೇ ತಂಡ ಉಳಿಸಲು ಮಾಮ ಎದ್ದು ನಿಂತಾಗ ಅವರ ತಲೆಯಲ್ಲಿದ್ದದ್ದು ಅದೇ ಇರಬೇಕು.

ಮಕ್ಕಳು

ಹತ್ತು ವರ್ಷದೊಳಗಿನವರದ್ದು ಚಿಕ್ಕ ಅಂಗಳ, ಕಡಿಮೆ ಜನ, ಹುಡುಗ ಹುಡುಗಿಯರು ಒಟ್ಟಿಗೆ. ಎಷ್ಟು ಗೋಲು ಅಂತ ದೊಡ್ಡವರು ಎಣಿಸುವುದಿಲ್ಲ, ಮಕ್ಕಳು ಮಾತ್ರ ಸರಿಯಾಗಿ ಎಣಿಸಿಟ್ಟಿರುತ್ತಾರೆ. ಹದಿನಾರರೊಳಗಿನ ತಂಡ ಸೆಮಿಫೈನಲ್‌ನಲ್ಲಿ ಸಮ ಮಾಡಿಕೊಂಡು ಶೂಟೌಟ್‌ನಲ್ಲಿ ಸೋತಿತು. ಒಬ್ಬ ಆಟಗಾರ, ಎದುರಿಗೆ ಗೋಲಿ, ಕೈಯಲ್ಲಿ ಎಂಟೇ ಸೆಕೆಂಡ್. ಕೊನೆಯ ಹುಡುಗಿಯ ಚೆಂಡು ಗೆರೆ ದಾಟುವ ಮುಂಚೆ ಸೀಟಿ ಊದಿತು. ಅವಳು ಅತ್ತಳು. ಎದುರು ತಂಡದ ಗೋಲಿ ಬಂದು ಅವಳ ಪಕ್ಕ ಕೂತ.

ಇನ್ನೊಂದು ಗಮನಿಸಿದೆವು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು, ಮೈದಾನದಲ್ಲಿ "ಕೊಡು", "ಬಿಡು", "ಹಿಂದೆ ಇದಾನೆ" ಅಂತ ಕೂಗತೊಡಗಿದ್ದಾರೆ. ಎದುರಿನವರಿಗೆ ಅರ್ಥವಾಗಬಾರದಲ್ಲ! ಕನ್ನಡ ಕಲಿ ಪಾಠಕ್ಕೆ ಬಾರದವರೂ ಇದನ್ನು ಕಲಿತಿದ್ದಾರೆ.

ಗಾಯ, ಖರ್ಚು: ಸೇರುವ ಮುಂಚೆ ತಿಳಿದಿರಲಿ

ಜೂನ್‌ನಲ್ಲಿ ನಮ್ಮ ಆಟಗಾರನೊಬ್ಬನ ಬೆರಳು ಮುರಿಯಿತು. ಅವನು ಗೋದಾಮಿನಲ್ಲಿ ಕ್ಯಾಶುಯಲ್. ಕ್ಯಾಶುಯಲ್ ಕೆಲಸದವರಿಗೆ ಸಂಬಳದ ಸಿಕ್ ಲೀವ್ ಇಲ್ಲ. ಮೂರು ವಾರ ದುಡಿಮೆ ನಿಂತಿತು, ಆಮೇಲೂ ಏಜೆನ್ಸಿ ಮೊದಲಿನಷ್ಟು ಶಿಫ್ಟ್ ಕೊಡಲಿಲ್ಲ. ಕ್ಲಬ್‌ನವರು ಸೇರಿ ಅವನ ಒಂದು ತಿಂಗಳ ಬಾಡಿಗೆ ಕಟ್ಟಿದೆವು. ಪ್ರತಿ ಸಲ ಹೀಗಾಗುತ್ತೆ ಅಂತ ನಂಬಿ ಕೂರಬೇಡಿ. ಕೆಲವು ಮಾತು ನೆನಪಿರಲಿ.

ತಾತ್ಕಾಲಿಕ ವೀಸಾದಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ ಮೆಡಿಕೇರ್ ಇಲ್ಲ. ಆಟದ ಸಂಸ್ಥೆಯ ಅಪಘಾತ ವಿಮೆ, ಮೆಡಿಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆಯ ಖರ್ಚು ಕೊಡುವುದಿಲ್ಲ. ಹಾಗಾಗಿ ನಿಮ್ಮ ಸ್ವಂತ ಆರೋಗ್ಯ ವಿಮೆಯಲ್ಲಿ ಏನೇನಿದೆ ಅಂತ ಮೊದಲೇ ಓದಿಕೊಳ್ಳಿ. ವಿಕ್ಟೋರಿಯಾದಲ್ಲಿ ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕು, ಮೆಡಿಕೇರ್ ಇದ್ದವರಿಗೂ ಅದು ಸಿಗುವುದಿಲ್ಲ. ನಿಮ್ಮ ವಿಮೆಯಲ್ಲಿ ಆಂಬುಲೆನ್ಸ್ ಇಲ್ಲದಿದ್ದರೆ ಆಂಬುಲೆನ್ಸ್ ವಿಕ್ಟೋರಿಯಾದ ವಾರ್ಷಿಕ ಸದಸ್ಯತ್ವ ಮಾಡಿಸಿಕೊಳ್ಳಿ.

ಮೌತ್‌ಗಾರ್ಡ್, ಶಿನ್‌ಗಾರ್ಡ್ ಇಲ್ಲದೆ ಇಳಿಯಬೇಡಿ. ಕೋಲು ಹಳೆಯದಾದರೂ ನಡೆಯುತ್ತದೆ, ಕ್ಲಬ್ ಕೋಣೆಯಲ್ಲಿ ಎರವಲು ಕೋಲುಗಳಿವೆ. ಗೋಲ್‌ಕೀಪರ್ ಸಾಮಾನು ಕ್ಲಬ್ಬಿನದೇ. ಎಡಗೈಯವರು ಎಡಗೈ ಕೋಲು ಹುಡುಕಿ ಅಲೆಯಬೇಡಿ, ಹಾಕಿಯಲ್ಲಿ ಅದು ಇಲ್ಲ. ಸದಸ್ಯತ್ವದ ಹಣ ಒಂದೇ ಸಲ ಕಟ್ಟಲು ಆಗದಿದ್ದರೆ ಖಜಾಂಚಿಗೆ ಹೇಳಿ, ಕಂತು ಮಾಡಿಕೊಡುತ್ತಾರೆ. ಕೇಳಲು ಸಂಕೋಚಪಟ್ಟು ಬಿಟ್ಟುಹೋದವರಿದ್ದಾರೆ, ಹಾಗೆ ಮಾಡಬೇಡಿ.

ಮುಂದಿನ ವರ್ಷಕ್ಕೆ

ಫೆಬ್ರವರಿಯಲ್ಲಿ ತರಬೇತಿ ಮತ್ತೆ ಶುರು. ಆಟಗಾರರು ಹೇಗೋ ಸಿಗುತ್ತಾರೆ. ನಮಗೆ ತುರ್ತಾಗಿ ಬೇಕಾಗಿರುವವರು ಮೂರು ಥರದವರು. ಒಂದು, ಗೋಲ್‌ಕೀಪರ್: ನರ್ಸ್ ಅಕ್ಕನಿಗೆ ಒಂದಾದರೂ ಶನಿವಾರ ಪೂರ್ತಿ ನಿದ್ದೆ ಬೇಕು. ಎರಡು, ಅಂಪೈರ್: ಕೆಳಗಿನ ದರ್ಜೆಯ ಪಂದ್ಯಗಳಿಗೆ ಕ್ಲಬ್‌ಗಳೇ ಅಂಪೈರ್ ಒದಗಿಸಬೇಕು. ಹಸಿರು ಕಾರ್ಡ್‌ಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು, ಇಂಥದ್ದನ್ನೆಲ್ಲ ನಾವೇ ಕಲಿಸುತ್ತೇವೆ. ಮೂರು, ಮಕ್ಕಳ ತಂಡಕ್ಕೆ ಮ್ಯಾನೇಜರ್: ಆಟ ಗೊತ್ತಿರಬೇಕಾದ್ದಿಲ್ಲ, ಫೋನ್ ಎತ್ತಿದರೆ ಸಾಕು. ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಮಾಡಿಸಬೇಕು, ಸ್ವಯಂಸೇವಕರಿಗೆ ಅದು ಉಚಿತ.

ಬೇರೆ ಊರು, ಬೇರೆ ದೇಶದಲ್ಲಿ ಓದುತ್ತಿರುವವರಿಗೂ ಒಂದು ಮಾತು. ನಿಮ್ಮ ಹತ್ತಿರದ ಹಾಕಿ ಮೈದಾನಕ್ಕೆ ಒಂದು ಸಂಜೆ ಹೋಗಿ ನೋಡಿ. ಅಲ್ಲೂ ಯಾವುದೋ ಒಂದು ಎರಡನೇ ತಂಡಕ್ಕೆ ಹತ್ತೇ ಜನ ಇರುತ್ತಾರೆ.