ಬೀಗ ಬಿದ್ದ ಸಕ್ಕರೆ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹಿಡಿದವರಿಗೆ ದಾರಿಯಲ್ಲಿ ತೆಂಗಿನ ತೋಟಗಳೂ ರಾಗಿಹುಲ್ಲಿನ ಬಣವೆಗಳೂ ಎದುರಾಗುತ್ತವೆ. ಶಿಲ್ಪ ನೋಡಲು ಹೊರಟವರು ಬಣವೆಯನ್ನು ನೋಡುವುದಿಲ್ಲ. ನಾನೂ ಬಹುಕಾಲ ನೋಡಿರಲಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ, ಹಳೇಬೀಡಿನ ಬಳಿ ನನ್ನ ಸೋದರಮಾವನವರ ಕೊಟ್ಟಿಗೆಯಲ್ಲಿ ಎರಡು ಹಸುಗಳು ಮುಂದೆ ಹುಲ್ಲಿದ್ದೂ ಸೊರಗುತ್ತಿದ್ದುದನ್ನು ಕಂಡ ಮೇಲೆಯೇ ಅತ್ತ ಕಣ್ಣು ಹೊರಳಿದ್ದು.

ಹುಲ್ಲಿನಲ್ಲಿ ಸತ್ತ್ವವಿಲ್ಲವೆಂದಲ್ಲ. ಹುಲ್ಲು, ಮರ, ತೆಂಗಿನ ನಾರು, ಇವೆಲ್ಲದರಲ್ಲಿಯೂ ಸೆಲ್ಯುಲೋಸ್ ಇದೆ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಗುರುತಿಸಿದ ಈ ವಸ್ತು ಗ್ಲೂಕೋಸ್ ಸಕ್ಕರೆಯ ಕಣಗಳನ್ನೇ ಪೋಣಿಸಿದ ಸರ. ಅದನ್ನು ಕಡಿಯಬಲ್ಲ ಕಿಣ್ವವಿರುವುದು ಹಸುವಿಗಲ್ಲ, ಅದರ ಹೊಟ್ಟೆಯಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಿಗೆ. ಆದರೆ ಸರದ ಸುತ್ತ ಲಿಗ್ನಿನ್ ಎಂಬ ಗಾರೆ ಮೆತ್ತಿಕೊಂಡಿದೆ. ಕಿಣ್ವ ಎಷ್ಟು ಚುರುಕಾದರೇನು, ಮುಟ್ಟಲಾಗದುದನ್ನು ಕಡಿಯುವುದೆಂತು? ನಾರಿನ ಹಗ್ಗ ಬಾವಿಯ ನೀರಿನಲ್ಲಿ ನೆನೆದೂ ಬೇಗನೆ ಕೊಳೆಯದಿರುವುದು ಬಹುಮಟ್ಟಿಗೆ ಈ ಗಾರೆಯ ದೆಸೆಯಿಂದಲೇ.

ಗಾರೆಯನ್ನು ಸಡಿಲಿಸುವುದು ಕ್ಷಾರ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡಬೇಕೆಂದು ನಾನು ಹೇಳಿದೆ. “ಹೊಲಕ್ಕೆ ಹಾಕೋ ಗೊಬ್ಬರಾನ ದನಕ್ಕೆ ತಿನ್ನಿಸ್ತೀಯೇನಪ್ಪಾ?” ಎಂದರು ಮಾವ. ಯೂರಿಯಾ ಬೆರೆತ ನೀರು ಕುಡಿದ ಎತ್ತೊಂದು ಕಾಲು ಬಡಿದು ಸತ್ತುದನ್ನು ಅವರು ಕಂಡಿದ್ದರು. ಅವರ ಅಂಜಿಕೆ ಹುಸಿಯಲ್ಲ. ಮುಚ್ಚಿದ ಬಣವೆಯೊಳಗೆ ಯೂರಿಯಾ ಅಮೋನಿಯವಾಗಿ, ಲಿಗ್ನಿನ್ನಿನ ಬೆಸುಗೆಯನ್ನು ಬಿಡಿಸುತ್ತದೆ. ನಾರು ಉಬ್ಬಿ ಕಿಣ್ವಕ್ಕೆ ಎಡೆ ದೊರೆಯುತ್ತದೆ. ಅಳತೆ ತಪ್ಪಿದರೆ, ಅವಧಿಗೆ ಮುನ್ನ ಬಿಚ್ಚಿದರೆ, ಮಾವನ ಮಾತೇ ದಿಟವಾದೀತು.

ಬಿಚ್ಚುವ ದಿನ ನಾನು ಮತ್ತೆ ಹೋದೆ. ಘಾಟು ಮೂಗಿಗೆ ಹೊಡೆಯಿತು. ಹುಲ್ಲು ಕಂದಾಗಿ ಮೆತ್ತಗಾಗಿತ್ತು. ಘಾಟು ಆರುವಂತೆ ಹರಡಿ, ಕರುವನ್ನು ದೂರ ಕಟ್ಟಿ, ಹಿಡಿಹಿಡಿಯಾಗಿ ಕೊಟ್ಟೆವು. ಮೊದಲ ದಿನ ಹಸುಗಳು ಮೂಸಿ ಮುಖ ತಿರುಗಿಸಿದುವು. ನಾಲ್ಕನೆಯ ದಿನ ಗೋದಲಿ ಬರಿದಾಗಿತ್ತು.

ಬರಕ್ಕೆ ಒಣಗಿ ಬಿದ್ದ ತೆಂಗಿನ ಮರಕ್ಕೂ ಈ ಉಪಾಯ ಸಾಗೀತೇ ಎಂದು ಮಾವ ಕೇಳಿದರು. ಸಾಗದು. ಮರದಲ್ಲಿ ಲಿಗ್ನಿನ್ ಹುಲ್ಲಿಗಿಂತ ಹೆಚ್ಚು, ಕಟ್ಟು ಇನ್ನೂ ಬಿಗಿ. ಆಮ್ಲವೋ ಕ್ಷಾರವೋ, ಜೊತೆಗೆ ಕಾವು, ಒತ್ತಡ ಎಲ್ಲ ಬೇಕು. ಅದು ಕಾರ್ಖಾನೆಯ ಕೆಲಸ, ಹಿತ್ತಿಲಿನದಲ್ಲ.

ಅಲ್ಲಿಂದ ಬೇಲೂರಿಗೆ ಹೋದೆ. 1117ರ ಚೆನ್ನಕೇಶವ ಗುಡಿಯ ಬಳಪದ ಕಲ್ಲು ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವುದೆನ್ನುತ್ತಾರೆ. ನಮ್ಮ ಹುಲ್ಲಿನ ಕಥೆ ಇದಕ್ಕೆ ತಿರುವುಮುರುವು. ಸಂಜೆ ಹಿಂದಿರುಗಿದಾಗ ಮಾವ ಎರಡನೆಯ ಬಣವೆಗೆ ಯೂರಿಯಾ ತೂಗುತ್ತಿದ್ದರು. ಒಮ್ಮೆ ತೂಗಿದುದನ್ನೇ ಸುರಿದು ಮತ್ತೊಮ್ಮೆ ತೂಗಿದರು.